ತಿರುಗದ ಚೆಂಡು

“ಮೊದಲು ಮಾತು ಕೊಡು. ಚೆಂಡು ಆಮೇಲೆ,” ಎಂದ ಅಜ್ಜ.

ಓಪಲ್ ಆಗ ಎರಡನೇ ಕ್ಲಾಸು. ಮನೆಯ ಹಿಂದೆ ತಂಬಾಕು ಒಣಗಿಸುವ ಹಳೇ ಶೆಡ್ಡಿನಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಅಜ್ಜ ಉಗುರು ಉಜ್ಜಿಕೊಳ್ಳುತ್ತಿದ್ದ. ಉಗುರು ಉಜ್ಜುವ ಪುಟ್ಟ ಅರ ಅವನ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು.

“ಏನಂತ ಮಾತು?”

“ನಕಲ್‌ಬಾಲ್, ಅಂದ್ರೆ ಈ ತಿರುಗದ ಚೆಂಡನ್ನ, ಹೇಗೆ ಎಸೆಯೋದು ಅಂತ ಯಾರೇ ಕೇಳ್ಲಿ, ಕಲಿಸಬೇಕು. ಇಲ್ಲ ಅನ್ನೋ ಹಾಗಿಲ್ಲ.”

“ಎದುರು ಟೀಮಿನವರು ಕೇಳಿದ್ರೆ?”

“ನನಗೆ ಕಲಿಸಿದೋನು ಎದುರು ಟೀಮಿನವನೇ ಪುಟ್ಟಿ. ಬೆಳಿಗ್ಗೆ ಕಲಿಸಿದ, ಮಧ್ಯಾಹ್ನ ನನ್ನ ಕೈಲೇ ಸೋತ. ಈ ಚೆಂಡು ಎಸೆಯೋರೆಲ್ಲ ಹೀಗೇ.”

“ಆಯ್ತು, ಪ್ರಾಮಿಸ್,” ಎಂದಳು ಓಪಲ್. ಅವಳಿಗೆ ಚೆಂಡು ಬೇಕಿತ್ತು.

ಈಗ ಅವಳು ಐದನೇ ಕ್ಲಾಸು. ಚಳಿಗಾಲದಲ್ಲಿ ಅಜ್ಜ ತೀರಿಕೊಂಡಿದ್ದ. ಆ ಅರ ಈಗ ಅವಳ ಜೇಬಿನಲ್ಲಿತ್ತು.

ಬೇಸ್‌ಬಾಲ್‌ನಲ್ಲಿ ಬ್ಯಾಟಿನವರಿಗೆ ಎಸೆಯುವ ಬೇರೆ ಪಿಚರ್‌ಗಳ ಚೆಂಡು ಗಿರಗಿರ ತಿರುಗುತ್ತ ಬರುತ್ತದೆ. ಓಪಲ್ ಎಸೆದದ್ದು ತಿರುಗುವುದೇ ಇಲ್ಲ. ಕೆಂಪು ಹೊಲಿಗೆ ಒಂದೊಂದೂ ಕಾಣುವ ಹಾಗೆ ಸದ್ದಿಲ್ಲದೆ ತೇಲಿಕೊಂಡು ಬಂದು, ಬ್ಯಾಟಿನ ಹತ್ತಿರ ಒಂದು ಕ್ಷಣ ಯೋಚನೆ ಮಾಡಿ, ಎತ್ತಲೋ ಜಾರಿಬಿಡುತ್ತದೆ. ಎತ್ತ ಅಂತ ಅವಳಿಗೂ ಗೊತ್ತಿರುವುದಿಲ್ಲ.

“ಅದು ನನ್ನನ್ನೇ ನೋಡ್ಕೊಂಡು ಬರುತ್ತೆ ಕಣೆ,” ಎಂದು ಬ್ಯಾಟಿನ ಹಿಂದೆ ಕೂತು ಅವಳ ಚೆಂಡು ಹಿಡಿಯುವ ಕ್ಯಾಚರ್ ಮಿಲೋ ಗೊಣಗುತ್ತಿದ್ದ. “ಸತ್ತೋರ ಕಣ್ಣಿನ ಥರ. ಇಷ್ಟು ದೊಡ್ಡ ಗ್ಲೌಸ್ ಇದ್ರೂ ಹಿಡಿಯೋಕೆ ಹೆದರಿಕೆ.”

ಟೀಮಿನಲ್ಲಿ ಓಪಲ್ ಒಬ್ಬಳೇ ಹುಡುಗಿ. ಜೋರಾಗಿ ಎಸೆಯಲು ಅವಳಿಗೆ ಬಾರದು. ಆ ಚೆಂಡೊಂದು ಇಲ್ಲದಿದ್ದರೆ ಬೆಂಚಿನ ಮೇಲೆ ಕೂರಬೇಕು. ಈ ವರ್ಷ ಕೌಂಟಿ ಟೀಮಿಗೆ, ಅಂದರೆ ಇಡೀ ಜಿಲ್ಲೆಯ ತಂಡಕ್ಕೆ, ಒಬ್ಬರೇ ಒಬ್ಬರು ಪಿಚರ್ ಬೇಕಾಗಿದ್ದರು. ಓಪಲ್, ಇಲ್ಲವೇ ಸೇತುವೆಯಾಚೆಯ ಊರಿನ ಕೋಲ್ಬಿ.

ಅಂಥ ಕೋಲ್ಬಿಯೇ ಶನಿವಾರ ಮ್ಯಾಚ್ ಮುಗಿದ ಮೇಲೆ ಹತ್ತಿರ ಬಂದ.

“ಓಪಲ್, ಆ ಚೆಂಡು ನನಗೂ ಹೇಳಿಕೊಡ್ತೀಯಾ?”

ಓಪಲ್ ಗ್ಲೌಸನ್ನು ಎದೆಗೆ ಒತ್ತಿಕೊಂಡಳು. ಅವನು ಮೊದಲೇ ಜೋರಾಗಿ ಎಸೆಯುತ್ತಾನೆ. ಇದೂ ಬಂದುಬಿಟ್ಟರೆ?

“ಅದೆಲ್ಲ ಹೇಳಿಕೊಡೋಕೆ ಬರಲ್ಲ. ತಾನಾಗೇ ಬರಬೇಕು.”

ಕೋಲ್ಬಿ ಅವಳ ಮುಖವನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದವನು, “ಸರಿ ಬಿಡು,” ಎಂದು ಹೊರಟುಹೋದ.

ಮಾರನೆಯ ದಿನದ ಪ್ರಾಕ್ಟೀಸಿನಲ್ಲಿ ಓಪಲ್‌ಳ ಚೆಂಡು ತಿರುಗಿತು. ಇನ್ನೊಂದು ಎಸೆದಳು. ಅದೂ ತಿರುಗಿತು.

“ಏನೇ ಇದು! ನಮ್ಮನೆ ಪಾಪುನೂ ಹೊಡೆಯುತ್ತೆ ಇದನ್ನ,” ಎಂದು ಮಿಲೋ ನಕ್ಕ.

ಓಪಲ್ ಬೆರಳುಗಳನ್ನು ಇನ್ನೂ ಬಿಗಿಮಾಡಿದಳು. ಚೆಂಡು ಇನ್ನೂ ಜಾಸ್ತಿ ತಿರುಗಿತು.

ಸೋಮವಾರ ಸಂಜೆ ಶೆಡ್ಡಿನಲ್ಲಿ ಸದ್ದು ಶುರುವಾಯಿತು.

ಹೊರಗೆ ಮಳೆ. ನರ್ಸಿಂಗ್ ಹೋಮಿನ ಕೆಲಸ ಮುಗಿಸಿ ಬಂದ ಅಮ್ಮ ಶೂ ಕೂಡ ಬಿಚ್ಚದೆ ಊಟಕ್ಕೆ ಕೂತಿದ್ದಳು.

ಧಪ್.

ಸ್ವಲ್ಪ ಹೊತ್ತು ಬಿಟ್ಟು, ಧಪ್.

ಅಜ್ಜ ಶೆಡ್ಡಿನಲ್ಲಿ ಹಳೇ ಹಾಸಿಗೆಯೊಂದನ್ನು ತೂಗುಹಾಕಿ ಅದಕ್ಕೆ ಚೆಂಡು ಎಸೆಯುತ್ತಿದ್ದ. ಅದೇ ಸದ್ದು. ನಡುವೆ ಅಷ್ಟೇ ಬಿಡುವು.

“ಅಮ್ಮಾ, ಕೇಳಿಸ್ತಾ?”

“ಯಾವುದೋ ಹಲಗೆ ಸಡಿಲಾಗಿರ್ಬೇಕು. ಗಾಳಿಗೆ ಬಡೀತಿದೆ. ತಿನ್ನು, ಬೀನ್ಸ್ ಆರೋಗುತ್ತೆ.”

ಮಂಗಳವಾರವೂ ಸದ್ದು ಕೇಳಿತು. ಬುಧವಾರ ಗಾಳಿಯೇ ಇರಲಿಲ್ಲ. ನದಿಯಿಂದ ಎದ್ದ ಮಂಜು ಹೊಲ ದಾಟಿ ಕಿಟಕಿಯವರೆಗೂ ಬಂದು ನಿಂತಿತ್ತು. ಅಮ್ಮ ಇನ್ನೂ ಬಂದಿರಲಿಲ್ಲ.

ಧಪ್.

ಕೊಟ್ಟ ಮಾತು ಏನಾಯ್ತು ಅಂತ ಕೇಳೋಕೆ ಅಜ್ಜ ಬಂದಿದ್ದಾನೆ, ಅನ್ನಿಸಿತು ಓಪಲ್‌ಗೆ. ಅವಳು ಜಾಕೆಟ್ ಹಾಕಿಕೊಂಡು ಹೊರಟಳು. ಬಾಗಿಲಿಗೆ ಕೈಯಿಟ್ಟದ್ದೇ ಸದ್ದು ನಿಂತಿತು.

ಒಳಗೆ ಯಾರೂ ಕಾಣಲಿಲ್ಲ. ಗೋಡೆಯ ಹಲಗೆಗಳ ಸಂದಿಯಿಂದ ಮಂಜು ಎಳೆ ಎಳೆಯಾಗಿ ನುಸುಳುತ್ತಿತ್ತು. ತಂಬಾಕಿನ ವಾಸನೆ ಇನ್ನೂ ಹೋಗಿರಲಿಲ್ಲ. ಹಾಸಿಗೆ ನಿಧಾನವಾಗಿ ತೂಗುತ್ತಿತ್ತು. ಅದರ ಕೆಳಗೆ ಒಂದು ಚೆಂಡು.

ಎತ್ತಿಕೊಂಡಳು. ಬೆಚ್ಚಗಿತ್ತು. ಹೊಲಿಗೆಯ ಪಕ್ಕದಲ್ಲಿ ಎರಡು ಉಗುರಿನ ಗುರುತು, ಈಗಷ್ಟೇ ಒತ್ತಿದ ಹಾಗೆ. ಅಜ್ಜನ ಚೆಂಡುಗಳಲ್ಲೆಲ್ಲ ಇಂಥದೇ ಗುರುತು ಇರುತ್ತಿತ್ತು.

“ಅಜ್ಜಾ?” ಎಂದಳು. “ನಾನು ಬೇಕಂತ ಸುಳ್ಳು ಹೇಳ್ಲಿಲ್ಲ ಅಜ್ಜಾ...”

ಮಂಜು ಒಳಗೆ ಬರುತ್ತಲೇ ಇತ್ತು.

“ಬೇಕಂತಲೇ ಹೇಳ್ದೆ,” ಎಂದಳು.

ಮೂಲೆಯಲ್ಲಿ ಬಕೆಟ್ಟು ಉರುಳಿತು. ಓಪಲ್ ಕಿರುಚಿದಳು.

“ನಾನು ಕಣೆ, ನಾನು! ಕೋಲ್ಬಿ!”

“ಲೋ! ಸತ್ತೇ ಹೋಗ್ತಿದ್ದೆ!”

“ನಾನೂ ಅಷ್ಟೇ! ನೀನು ‘ಅಜ್ಜಾ’ ಅಂದಾಗ ನನ್ನ ಹಿಂದೆ ನಿಂತಿದ್ದಾರಾ ಅಂತ ತಿರುಗಿ ನೋಡ್ದೆ!”

“ನಮ್ಮ ಶೆಡ್ಡಲ್ಲಿ ಏನೋ ಕೆಲಸ ನಿನಗೆ?”

“ಹೋದ ಅಕ್ಟೋಬರ್‌ನಲ್ಲಿ, ಹ್ಯಾಲೋವೀನ್ ಹಬ್ಬದ ಟೈಮಲ್ಲಿ ನಿಮ್ಮಜ್ಜನ್ನ ಕೇಳಿದ್ದೆ. ಉಗುರು ತೋರ್ಸು ಅಂದ್ರು. ಕಚ್ಚಿ ಕಚ್ಚಿ ನಾನು ಒಂದೂ ಉಳಿಸಿರಲಿಲ್ಲ. ಬೆಳೆಸ್ಕೊಂಡು ಬಾ, ಶೆಡ್ಡು ತೆರೆದೇ ಇರುತ್ತೆ ಅಂದ್ರು.” ಕೋಲ್ಬಿ ನೆಲ ನೋಡಿದ. “ನಾನಿಲ್ದಿದ್ರೆ ಓಪಲ್ ಕಲಿಸ್ತಾಳೆ, ಮಾತು ಕೊಟ್ಟಿದ್ದಾಳೆ ಅಂತಾನೂ ಅಂದ್ರು.”

ಓಪಲ್‌ಗೆ ಕಿವಿ ಬಿಸಿಯಾಯಿತು. “ಅಂದ್ರೆ ಶನಿವಾರ... ನಿನಗೆ ಗೊತ್ತಿತ್ತಾ?”

“ಹೂಂ.”

“ಮತ್ತೆ ಯಾಕೆ ಹೇಳ್ಲಿಲ್ಲ?”

ಕೋಲ್ಬಿ ಬೆರಳನ್ನು ಬಾಯಿಗೆ ಒಯ್ದು, ನೆನಪಾಗಿ ಕೆಳಗಿಳಿಸಿದ. “ಮಾತು ನಿನ್ನದು. ನಾನು ಹೇಗೆ ಹೇಳ್ಲಿ?”

ಓಪಲ್ ಕೌಂಟಿ ಟೀಮನ್ನು ನೆನೆದಳು. ಚೆಂಡನ್ನು ಕೈಯಲ್ಲಿ ತಿರುವಿ ತಿರುವಿ ನೋಡಿದಳು. ಗುರುತು ತೀರಾ ಆಳವಾಗಿತ್ತು.

“ಎಷ್ಟು ಬಿಗಿಯಾಗಿ ಹಿಡೀತೀಯೋ! ಮೊಟ್ಟೆ ಹಿಡಿದ ಹಾಗೆ ಹಿಡಿ. ಇಲ್ಲಿ, ಹೊಲಿಗೆ ಹಿಂದೆ ಎರಡು ಉಗುರು. ಮಣಿಕಟ್ಟು ಅಲ್ಲಾಡಿಸ್ಬೇಡ. ಬಾಗಿಲು ತಳ್ಳಿದ ಹಾಗೆ ಸುಮ್ಮನೆ ತಳ್ಳು. ನೋಡು.”

ತೋರಿಸಲು ಎಸೆದಳು. ಚೆಂಡು ತಿರುಗಲಿಲ್ಲ. ಮಂಜಿನೊಳಗೆ ತೇಲಿಹೋಗಿ, ನಿಂತಂತೆ ಮಾಡಿ, ಪಕ್ಕಕ್ಕೆ ಜಾರಿತು. ಓಪಲ್ ತನ್ನ ಬೆರಳುಗಳನ್ನು ನೋಡಿಕೊಂಡಳು.

ಆಮೇಲೆ ಅವಳು ಹಾಸಿಗೆಯ ಮುಂದೆ ನಿಂತಳು, ಕೋಲ್ಬಿ ಎಸೆದ. ಎಷ್ಟೋ ಚೆಂಡು ತಿರುಗಿದವು. ಕತ್ತಲಾಗುವ ಹೊತ್ತಿಗೆ ಒಂದು ತಿರುಗಲಿಲ್ಲ. ಕೆಂಪು ಹೊಲಿಗೆ ತೋರಿಸಿಕೊಂಡು, ಅವಳನ್ನೇ ನೋಡುತ್ತ ಬಂತು. ಮಿಲೋ ಹೇಳಿದ್ದು ನಿಜ. ಅವಳು ಕೈ ಚಾಚಿದಳು, ಅದು ಕೈ ತಪ್ಪಿಸಿ ಹಾಸಿಗೆಗೆ ಬಡಿಯಿತು.

ಧಪ್.

“ನಾಳೆನೂ ಬರ್ಲಾ?”

“ಬಾ. ಕದ್ದು ಬರಬೇಡ ಅಷ್ಟೇ. ಸೋಮವಾರದಿಂದ ನನ್ನ ನಿದ್ದೆ ಕೆಡಿಸಿದೀಯ.”

“ಸೋಮವಾರಾನಾ?” ಕೋಲ್ಬಿ ಹುಬ್ಬು ಗಂಟಿಕ್ಕಿದ. “ನಾನು ಬಂದಿದ್ದು ನಿನ್ನೆ, ಇವತ್ತು. ಸೋಮವಾರ ಮಳೆ ಕಣೆ, ಸೈಕಲ್ ಹೊರಗೇ ತೆಗೀಲಿಲ್ಲ.”

ಇಬ್ಬರೂ ಹಾಸಿಗೆಯ ಕಡೆ ನೋಡಿದರು. ಅದು ಇನ್ನೂ ತೂಗುತ್ತಿತ್ತು.

ಓಪಲ್ ಓಡಲಿಲ್ಲ. ಉರುಳಿದ್ದ ಬಕೆಟ್ಟನ್ನು ಎತ್ತಿ ಅಜ್ಜ ಇಡುತ್ತಿದ್ದ ಜಾಗದಲ್ಲೇ ಬೋರಲು ಹಾಕಿದಳು. ಜೇಬಿನಿಂದ ಅರ ತೆಗೆದು ಕೋಲ್ಬಿಗೆ ಕೊಟ್ಟಳು.

“ಕಚ್ಚಬೇಡ. ಇದರಲ್ಲಿ ಉಜ್ಜು.”

ಜೂನ್ ತಿಂಗಳಲ್ಲಿ ಕೌಂಟಿ ಟೀಮಿಗೆ ಕೋಲ್ಬಿ ಆಯ್ಕೆಯಾದ. ಓಪಲ್ ಆಗಲಿಲ್ಲ. ಅಜ್ಜನಿಗೆ ಕೊಟ್ಟ ಮಾತನ್ನು ಅವಳು ಉಳಿಸಿಕೊಂಡಳು.