ರೊಟ್ಟಿ ಮುಟ್ಟದ ಜಾಕಿ

ನಾನು ಬೇಯಿಸಿದ ರೊಟ್ಟಿಯನ್ನು ತಟ್ಟೆ ಸಮೇತ ಹಿಂದಕ್ಕೆ ತಳ್ಳಿದ ಮೊದಲನೆಯ ಗಂಡಸು ಥೇಡಿ ಹೂರಿಗನ್.

ಕಿಲ್‌ಬ್ರಾಕಿನಲ್ಲಿ ನಮ್ಮಪ್ಪನದು ರಸ್ತೆ ಬದಿಯ ಬಿಯರಿನಂಗಡಿ. ಹಿಂದಿನ ಅಡಿಗೆಮನೆ ನನ್ನದು. ಅವತ್ತು ಹಂದಿಮಾಂಸ, ಎಲೆಕೋಸು, ಆಗತಾನೇ ಒಲೆಯಿಂದ ತೆಗೆದ ರೊಟ್ಟಿ ಇಟ್ಟಿದ್ದೆ. ಮೇಲಿನ ಬೆಣ್ಣೆ ಇನ್ನೂ ಕರಗುತ್ತಿತ್ತು. ಅವನು ಒಂದು ಚೂರನ್ನು ಎತ್ತಿ ಮೂಗಿನ ಹತ್ತಿರ ಹಿಡಿದ. ಕಣ್ಣು ಮುಚ್ಚಿದ. ಆಮೇಲೆ ಅದನ್ನು ಹಾಗೇ ತಟ್ಟೆಗೆ ಹಾಕಿ, ಬೆರಳ ತುದಿಯಿಂದ ತಟ್ಟೆಯನ್ನು ನನ್ನ ಕಡೆ ತಳ್ಳಿದ.

"ಹಾಲು ಹಾಕದ ಟೀ ಇದ್ರೆ ಒಂದು ಲೋಟ ಕೊಡಿ," ಎಂದ.

"ಯಾಕೆ, ರೊಟ್ಟಿ ಹಳಸಿದೆಯಾ?"

"ಇಲ್ಲ."

"ಹುಳ ಕಾಣಿಸ್ತಾ?"

"ಇಲ್ಲಮ್ಮ. ಚೆನ್ನಾಗಿದೆ. ಅದಕ್ಕೇ ಬೇಡ."

ಆಲೂಗಡ್ಡೆ ನೆಲದೊಳಗೇ ಕೊಳೆತುಹೋದ ವರ್ಷಗಳನ್ನು ನಮ್ಮ ಐರ್ಲೆಂಡಿನಲ್ಲಿ ಆಗಿನ್ನೂ ಯಾರೂ ಮರೆತಿರಲಿಲ್ಲ. ಹುಲ್ಲು ತಿಂದು, ಬಾಯಿ ಹಸಿರಾಗಿ, ದಾರಿಯಲ್ಲಿ ಸತ್ತುಬಿದ್ದವರನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೆ. ಅಂಥ ನೆಲದಲ್ಲಿ ಊಟದ ತಟ್ಟೆ ತಳ್ಳುವವನು ಒಂದೋ ದೊಡ್ಡ ಮನುಷ್ಯ, ಇಲ್ಲವೇ ದೊಡ್ಡ ಮನುಷ್ಯರ ಬಾಲ. ಇವನ ತೇಪೆ ಹಾಕಿದ ಬೂಟು ನೋಡಿದರೆ ಎರಡನೆಯದು ಎಂದು ಗೊತ್ತಾಗುತ್ತಿತ್ತು.

ತಟ್ಟೆಯನ್ನು ಎತ್ತಿ ಅವನ ಕಣ್ಣೆದುರಿಗೇ ನಾಯಿಗೆ ಸುರಿದೆ.

"ತಿನ್ನಪ್ಪ ತಿನ್ನು. ನೀನಾದ್ರೂ ಬಡವರ ಮನೇಲಿ ಹುಟ್ಟಿದ್ದೀಯ."

ಅವನಿಗೆ ಸಿಟ್ಟು ಬರಲಿಲ್ಲ. ನಾಯಿ ತಿನ್ನುವುದನ್ನೇ ನೋಡುತ್ತ ಕುಳಿತ. ಅದರ ದವಡೆ ಆಡಿದ ಹಾಗೆಲ್ಲ ಇವನ ಗಂಟಲ ಗಂಟೂ ಮೇಲೆ ಕೆಳಗೆ ಆಡುತ್ತಿತ್ತು. ಆ ನಾಯಿಯನ್ನು ಅವನು ನೋಡಿದಷ್ಟು ಆಸೆಯಿಂದ ಯಾವ ಗಂಡೂ ಯಾವ ಹೆಣ್ಣನ್ನೂ ನೋಡಿರಲಾರ. ನನಗದು ಕಂಡಿತು. ಅರ್ಥವಾಗಲಿಲ್ಲ.

ಮಾರನೆಯ ದಿನ ಬಿಸಿಲು ಚೆನ್ನಾಗಿತ್ತು. ಕಂಬಳಿಯಂಥ ದಪ್ಪ ಕೋಟುಗಳನ್ನು ಒಂದರ ಮೇಲೊಂದು ಹಾಕಿಕೊಂಡು ಅವನು ಗುಡ್ಡದ ದಾರಿಯಲ್ಲಿ ಓಡುತ್ತಿದ್ದ. ತುದಿ ಮುಟ್ಟಿ ಇಳಿದ. ಮತ್ತೆ ಹತ್ತಿದ.

"ಅಪ್ಪಾ, ಆ ಹುಚ್ಚ ಯಾರು?"

"ಹುಚ್ಚ ಅಲ್ಲ ಕಣೇ. ಕ್ಯಾಪ್ಟನ್ ಪರ್ಸಲ್ ಹತ್ರ ಇರೋ ಜಾಕಿ. ರೇಸಿಗೆ ಮುಂಚೆ ಬೆವರು ಹರಿಸಿ ತೂಕ ಇಳಿಸ್ತಾನೆ. ತೂಕ ಏರಿದ್ರೆ ಕುದುರೆ ಹತ್ತೋಕೆ ಬಿಡಲ್ಲ."

"ಊಟ?"

"ಊಟ ಎಲ್ಲಿಂದ ಬಂತು. ಕೋಳಿಮೊಟ್ಟೆ, ಕರಿ ಟೀ. ಭಾನುವಾರ ಹಬ್ಬ ಅಂತ ಇನ್ನೊಂದು ಮೊಟ್ಟೆ."

ನಾನು ಒಲೆಯ ಮುಂದೆ ಕೂತೆ. ನಾಯಿ ಬಾಲ ಅಲ್ಲಾಡಿಸುತ್ತ ಬಂದು ನಿನ್ನೆಯ ಮರ್ಯಾದೆಯನ್ನೇ ಮತ್ತೆ ಕೇಳಿತು. ಒದೆ ತಿಂದು ಹೋಯಿತು.

*

ಸ್ಟೀಪಲ್‌ಚೇಸ್ ಎನ್ನುವುದು ಹೊಟ್ಟೆ ತುಂಬಿದವರು ಕಂಡುಹಿಡಿದ ಆಟ. ಒಂದು ಚರ್ಚಿನ ಗೋಪುರದಿಂದ ಇನ್ನೊಂದು ಗೋಪುರಕ್ಕೆ ಓಟ. ನಡುವೆ ಕಲ್ಲುಗೋಡೆ, ಕಾಲುವೆ, ಮುಳ್ಳುಬೇಲಿ ಏನೇ ಬರಲಿ ಹಾರಬೇಕು. ಹಾರುವುದು ಕುದುರೆ, ಬೀಳುವುದು ಜಾಕಿ, ಗೆಲ್ಲುವುದು ಧಣಿ.

ಥೇಡಿಯ ಅಪ್ಪ ಅಮ್ಮ ಬರದಲ್ಲಿ ಹೋದರು. ಉಳಿದ ಮಗು ಕ್ಯಾಪ್ಟನ್ನನ ಲಾಯಕ್ಕೆ ಬಿತ್ತು. ಎತ್ತಿ ನೋಡಿದರೆ ಜೀನಿಗಿಂತ ಹಗುರ. ಕ್ಯಾಪ್ಟನ್ನನಿಗೆ ಹಿಡಿಸಲಾರದಷ್ಟು ಖುಷಿ. ಊರಿಗೆಲ್ಲ ಬರ ಮುಗಿಯಿತು, ಆ ಮಗುವಿನ ಹೊಟ್ಟೆಯಲ್ಲಿ ಮಾತ್ರ ಅದನ್ನು ಅವನು ಜೋಪಾನವಾಗಿ ಉಳಿಸಿಕೊಂಡ. ಹುಡುಗ ಒಂದಿಷ್ಟು ಉದ್ದ ಬೆಳೆದಾಗ, ಉಗ್ರಾಣದಿಂದ ಏನೋ ಕದ್ದವನಿಗೆ ಬೈಯುವಂತೆ ಬೈದನಂತೆ.

ಲಿಮರಿಕ್, ಕಾರ್ಕ್, ಸಮುದ್ರ ದಾಟಿ ಇಂಗ್ಲೆಂಡು, ಎಲ್ಲ ಕಡೆ ಥೇಡಿ ಗೆದ್ದ. ಬೆಳ್ಳಿಯ ಬಟ್ಟಲುಗಳು ಕ್ಯಾಪ್ಟನ್ನನ ಗಾಜಿನ ಬೀರುವಿಗೆ ಹೋದವು. ಮುರಿದ ಮೂಳೆಗಳು ಥೇಡಿಯ ಪಾಲಿಗೆ ಬಂದವು. ಅವನ ಕಾಲು ಮುರಿದಾಗ ಕಟ್ಟಿದವನು ಕುದುರೆ ವೈದ್ಯ. ಕುದುರೆಗೆ ಕೆಮ್ಮು ಬಂದರೆ ಮಾತ್ರ ಡಬ್ಲಿನ್ನಿನಿಂದ ದೊಡ್ಡ ವೈದ್ಯ ಬರುತ್ತಿದ್ದ.

ಇದನ್ನೆಲ್ಲ ಅವನು ನಗುತ್ತ ಹೇಳುತ್ತಿದ್ದ. ಹೆಮ್ಮೆಯಿಂದ ಬೇರೆ. ಧಣಿ ತನ್ನ ಭುಜ ತಟ್ಟಿದ್ದನ್ನು ಪದಕದ ಹಾಗೆ ತೋರಿಸುತ್ತಿದ್ದ. ಅದನ್ನು ಕೇಳಿದರೆ ನನಗೆ ಕ್ಯಾಪ್ಟನ್ನನಿಗಿಂತ ಇವನ ಮೇಲೇ ಹೆಚ್ಚು ಉರಿಯುತ್ತಿತ್ತು.

"ಹೊಟ್ಟೆಗೆ ಹಿಟ್ಟಿಲ್ಲ, ಮೈಗೆ ರೇಷ್ಮೆ ಅಂಗಿ. ನಾಚಿಕೆ ಆಗಲ್ವಾ ನಿನಗೆ?" ಎಂದೆ ಒಮ್ಮೆ.

"ಅಂಗಿ ಚೆನ್ನಾಗಿ ಕಾಣಿಸುತ್ತಾ?"

"ಬೆದರುಬೊಂಬೆಗೆ ಹಾಕಿದ್ರೆ ಇನ್ನೂ ಚೆನ್ನಾಗಿ ಕಾಣ್ಸುತ್ತೆ."

"ಹಾಗಾದ್ರೆ ನೋಡಿದ್ದೀಯ ಅಂತಾಯ್ತು," ಎಂದು ಹಲ್ಲು ಕಿರಿದ.

ಪ್ರತಿ ರೇಸಿನ ಕಾಲದಲ್ಲೂ ಬರತೊಡಗಿದ. ಅಡಿಗೆಮನೆಯ ಹೊಸ್ತಿಲ ಮೇಲೆ, ಒಲೆಯ ಗಾಳಿ ಹೊರಡುವ ಜಾಗ ನೋಡಿ ಕೂರುತ್ತಿದ್ದ. ಊರಿಗೆಲ್ಲ ಗೊತ್ತಾಯಿತು. ಬಿಯರು ಕುಡಿಯಲು ಬಂದವರು ಇಣುಕಿ ನೋಡಿ ನಗುತ್ತಿದ್ದರು. ಅವರ ಮೂತಿಗೂ ಖಾಲಿ ಪೀಪಾಯಿಗೂ ನನಗೆ ವ್ಯತ್ಯಾಸ ಕಾಣುತ್ತಿರಲಿಲ್ಲ.

"ಐರ್ಲೆಂಡಲ್ಲಿ ಹಾವಿಲ್ಲ ಅಂತಾರೆ. ಗಾಳಿ ಕುಡ್ಕೊಂಡು ಬದುಕೋದೊಂದು ಇಲ್ಲೇ ಕೂತಿದೆ ನೋಡು," ಎಂದೆ.

"ಸುಮ್ನಿರು ಆ್ಯಬಿ. ಇವತ್ತು ಒಣದ್ರಾಕ್ಷಿ ಹಾಕಿದ್ದೀಯ."

"ಹೌದು."

"ಮೊನ್ನೆ ಹಾಕಿರ್ಲಿಲ್ಲ."

"ಮೂಗಲ್ಲೇ ಉಂಡು ಎದ್ದು ಹೋಗ್ತೀಯಲ್ಲ, ಊಟದ ಕಾಸು ಯಾರು ಕೊಡ್ತಾರೆ?"

"ಕಣ್ಣಲ್ಲಿ ಕೊಡ್ತಾ ಇದ್ದೀನಲ್ಲ."

ಅವನ ಮುಖದಲ್ಲಿ ಕಣ್ಣು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಹಾಗಾಗಿ ಆ ನೋಟದಿಂದ ತಪ್ಪಿಸಿಕೊಳ್ಳಲು ಜಾಗವೂ ಇರಲಿಲ್ಲ. ನಾನು ಹಿಟ್ಟಿನ ಕಡೆ ತಿರುಗಿದೆ. ಕಿವಿ ಬಿಸಿಯಾಗಿದ್ದು ಒಲೆಯಿಂದ ಎಂದುಕೊಂಡೆ. ಒಲೆ ಆರಿ ತುಂಬ ಹೊತ್ತಾಗಿತ್ತು.

ಒಂದು ವಸಂತದಲ್ಲಿ ಬಂದವನು ಹೊಸ್ತಿಲ ಮೇಲೆ ಕೂರಲಿಲ್ಲ. ನಿಂತೇ ಇದ್ದ.

"ಕ್ಯಾಪ್ಟನ್ನು ಮಾತು ಕೊಟ್ಟಿದ್ದಾನೆ. ಈ ಸಲ ಕಿಲ್‌ಬ್ರಾಕ್ ರೇಸು ಗೆದ್ದುಕೊಟ್ರೆ ಅವನ ಬಂಗಲೆ ಗೇಟಿನ ಹತ್ರ ಇರೋ ಕಲ್ಲಿನ ಮನೆ ನನಗೆ. ಆಮೇಲೆ ರೇಸಿಗೆ ಹತ್ತಬೇಕಾಗಿಲ್ಲ, ಮರಿ ಕುದುರೆ ಪಳಗಿಸಿದ್ರೆ ಸಾಕು."

"ಅವನ ಮಾತು ಅವನ ನಾಯಿಗಳೂ ನಂಬಲ್ಲ."

"ಎಲ್ಲರ ಮುಂದೆ ಹೇಳಿದ್ದಾನೆ. ಮನೇಲಿ ಒಳ್ಳೆ ಒಲೆ ಇದೆ, ಆ್ಯಬಿ. ನೋಡ್ಕೊಂಡು ಬಂದೆ."

ಹಿಟ್ಟಿನ ಕೈಯಲ್ಲೇ ನಿಂತೆ. ಎದೆ ಹೊಡೆದುಕೊಳ್ಳುವುದು ಹೊರಗೆ ಕೇಳಿಸೀತು ಎಂದು ಪಾತ್ರೆಯನ್ನು ಜೋರಾಗಿ ಇಟ್ಟೆ.

"ತಿನ್ನದ ಗಂಡನಿಗೆ ಅಡಿಗೆ ಮಾಡೋ ಕರ್ಮ ನನಗೆ ಬೇಡ. ನನ್ನ ರೊಟ್ಟಿ ನುಂಗಿದ ದಿನ ಬಂದು ಕೇಳು, ಹೇಳ್ತೀನಿ."

"ಗೆದ್ದ ಸಾಯಂಕಾಲವೇ ನುಂಗ್ತೀನಿ. ಇಡೀ ರೊಟ್ಟಿ." ನನ್ನ ಕೈ ಹಿಡಿಯಲು ಬಂದ.

"ಮುಟ್ಟಬೇಡ. ಹಿಟ್ಟು ಅಂಟಿ ತೂಕ ಏರೀತು."

ನಕ್ಕು ಕೈ ಹಿಂದಕ್ಕೆ ತೆಗೆದುಕೊಂಡ. ಆ ಒಂದು ಮಾತು ಆಮೇಲೆ ಎಷ್ಟು ಸಲ ನೆನಪಾಯಿತೋ.

*

ರೇಸಿನ ದಿನ ನಮ್ಮಪ್ಪನ ಬೆಣ್ಣೆ ತೂಗುವ ದೊಡ್ಡ ತಕ್ಕಡಿಯನ್ನು ಮೈದಾನಕ್ಕೆ ಒಯ್ಯುತ್ತಿದ್ದರು. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಕುರ್ಚಿ. ಓಟಕ್ಕೆ ಮುಂಚೆ ಇದ್ದ ತೂಕ ಓಟದ ಮೇಲೂ ಇರಬೇಕು. ಗೆದ್ದವನು ಕುದುರೆಯ ಮೇಲೇ ತಕ್ಕಡಿಯವರೆಗೆ ಬಂದು, ತಾನೇ ಇಳಿದು ಕೂರಬೇಕು. ಅಲ್ಲಿಯವರೆಗೆ ಯಾರೂ ಮೈ ಮುಟ್ಟಕೂಡದು. ಮುಟ್ಟಿದರೆ ಗೆಲುವು ರದ್ದು. ಮುಟ್ಟುವ ನೆಪದಲ್ಲಿ ಜೇಬಿಗೆ ಸೀಸದ ಗುಂಡು ಜಾರಿಸಿಯಾರು ಎಂದು ಭಯ. ದೊಡ್ಡವರು ಒಬ್ಬರನ್ನೊಬ್ಬರು ಎಷ್ಟು ನಂಬುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ತಕ್ಕಡಿಯ ಪಕ್ಕದಲ್ಲಿ ನಾನು ಬುಟ್ಟಿ ಇಟ್ಟುಕೊಂಡು ರೊಟ್ಟಿ ಮಾರುತ್ತಿದ್ದೆ. ಒಂದನ್ನು ಬಟ್ಟೆಯಲ್ಲಿ ಸುತ್ತಿ ತಳದಲ್ಲಿ ಬೇರೆ ಇಟ್ಟಿದ್ದೆ. ಸಾರೋಟುಗಳ ಮೇಲೆ ದೊಡ್ಡ ಮನೆಯವರು ಕುಳಿತು ಕೋಳಿ ತಿನ್ನುತ್ತಿದ್ದರು. ಹಸಿದವರು ಬೀಳುವುದನ್ನು ನೋಡುವಾಗ ಅವರಿಗೆ ಹಸಿವು ಜಾಸ್ತಿ.

ಥೇಡಿಯದು ಡಚೆಸ್ ಎನ್ನುವ ಹೆಣ್ಣು ಕುದುರೆ. ಅಲ್ಲಿ ನೆರೆದಿದ್ದ ಹೆಂಗಸರಲ್ಲಿ ಮರ್ಯಾದಸ್ಥೆ ಎಂದರೆ ಅದೊಂದೇ. ಕಡೆಯ ಕಲ್ಲುಗೋಡೆಯಲ್ಲಿ ಅದರ ಮುಂಗಾಲು ತಗುಲಿತು. ಕುದುರೆ ಬಿತ್ತು, ಅವನ ಎದೆಯ ಮೇಲೆ ಉರುಳಿ ಎದ್ದಿತು. ಅವನೂ ಎದ್ದ. ಹೇಗೆ ಎದ್ದ ಎಂದು ಇವತ್ತಿಗೂ ನನಗೆ ತಿಳಿಯದು. ಕಡಿವಾಣ ಹಿಡಿದು, ಒಂದೇ ಕೈಯಲ್ಲಿ ಮೈಯನ್ನು ಮೇಲಕ್ಕೆಳೆದುಕೊಂಡು, ಮತ್ತೆ ಹತ್ತಿ ಗೆದ್ದ.

ಟೋಪಿಗಳು ಮೇಲಕ್ಕೆ ಹಾರಿದವು. ಡಚೆಸ್ ನಿಧಾನವಾಗಿ ತಕ್ಕಡಿಯ ಕಡೆ ಬಂತು. ಥೇಡಿ ಅದರ ಕುತ್ತಿಗೆಯ ಮೇಲೆ ಕವುಚಿದ್ದ. ಬಾಯಿಂದ ರಕ್ತ ಇಳಿದು ಬಿಳಿ ರೇಷ್ಮೆಯ ಎದೆ ಕೆಂಪಾಗಿತ್ತು.

"ಯಾರೂ ಮುಟ್ಟಬೇಡಿ!" ಎಂದು ಕ್ಯಾಪ್ಟನ್ ಕೂಗಿದ. "ಬಾ ಥೇಡಿ. ಇನ್ನೊಂಚೂರು. ಇಳಿದು ಕೂತ್ಕೊ, ಅಷ್ಟೇ."

ದೊಡ್ಡವರೆಲ್ಲ ಸುತ್ತ ನಿಂತರು. ಅಕಸ್ಮಾತ್ ತಗುಲೀತು ಎಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಒಬ್ಬನ ಬೆನ್ನ ಹಿಂದಿನ ಕೈಯಲ್ಲಿ ಅರ್ಧ ತಿಂದ ಕೋಳಿಕಾಲು ಇತ್ತು. ಅದು ನನ್ನ ಕಡೆಗೇ ಇತ್ತು, ಚೆನ್ನಾಗಿ ನೆನಪಿದೆ. ನಮ್ಮಪ್ಪನೂ ತಕ್ಕಡಿಯ ಕಲ್ಲನ್ನು ನೋಡುತ್ತ ನಿಂತಿದ್ದ. ಬಡವರೂ ಹಾಗೆಯೇ. ಅವರೂ ಡಚೆಸ್ ಮೇಲೆ ಕಾಸು ಕಟ್ಟಿದ್ದರು.

ಥೇಡಿ ತಲೆ ಎತ್ತಿ ನೋಡಿದ. ಅಷ್ಟು ಜನರ ನಡುವೆ ನನ್ನನ್ನು ಹುಡುಕಿದ. ಕಂಡಾಗ, ಆ ಮೂಢ, ಹುಬ್ಬು ಹಾರಿಸಿದ. ಗೆದ್ದೆ ನೋಡು ಎನ್ನುವಂತೆ. ಆಮೇಲೆ ಕಣ್ಣು ಮೇಲಕ್ಕೆ ಹೋಯಿತು. ಜೀನಿನಿಂದ ಪಕ್ಕಕ್ಕೆ ಜಾರತೊಡಗಿದ. ಒಂದು ಪಾದ ಜೀನಿಗೆ ತೂಗುವ ರಿಕಾಪಿನ ಬಳೆಯಲ್ಲಿ ಸಿಕ್ಕಿತ್ತು. ಡಚೆಸ್ ಬೆದರಿ ಕಿವಿ ಹಿಂದಕ್ಕೆ ಮಡಚಿತು. ಅದು ಓಡಿದರೆ ಇವನ ತಲೆ ಕಲ್ಲಿಗೆ.

ಗೇಟಿನ ಹತ್ತಿರದ ಕಲ್ಲಿನ ಮನೆ ಕಣ್ಣಿಗೆ ಬಂತು. ಅದರ ಒಲೆಯೂ ಬಂತು. ಸುಳ್ಳು ಯಾಕೆ ಹೇಳಲಿ.

ಹಗ್ಗದ ಕೆಳಗೆ ನುಗ್ಗಿ ಅವನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಹಿಟ್ಟಿನ ಮೂಟೆ ದಿನಾ ಎತ್ತುವ ಕೈ ನನ್ನದು. ಇವನು ಅದಕ್ಕಿಂತ ಹಗುರ. ಇಂಥದ್ದನ್ನು ಇಷ್ಟು ವರ್ಷ ಕುದುರೆಗಳು ಹೊತ್ತವು, ಊರು ಕುಣಿಯಿತು.



"ಯಾರು ನಿನಗೆ ಮುಟ್ಟು ಅಂದಿದ್ದು?" ಕ್ಯಾಪ್ಟನ್ನನ ಧ್ವನಿ ನಡುಗುತ್ತಿತ್ತು. ಥೇಡಿಗಾಗಿ ಅಲ್ಲ.

"ಯಾರೂ ಅನ್ಲಿಲ್ಲ ಧಣಿ. ಇಷ್ಟೂ ಜನ ಇದ್ದೀರಿ, ಒಬ್ಬರ ಬಾಯಲ್ಲೂ ಬರಲಿಲ್ಲ."

ಅವನು ನನಗೆ ಏನೇನೋ ಅಂದ. ನಾನು ರಿಕಾಪಿನಿಂದ ಪಾದ ಬಿಡಿಸುತ್ತಿದ್ದೆ, ಕೇಳಿಸಿಕೊಳ್ಳಲು ಪುರುಸೊತ್ತಿರಲಿಲ್ಲ.

ಥೇಡಿ ಕಣ್ಣು ಬಿಟ್ಟ.

"ಮುಟ್ಟಿಬಿಟ್ಯಲ್ಲೇ ಆ್ಯಬಿ."

"ಹೂಂ."

"ಮನೆ ಹೋಯ್ತು."

"ಹೋಗ್ಲಿ."

"ಒಲೆ ಚೆನ್ನಾಗಿತ್ತು ಕಣೇ."

"ನನ್ನ ಒಲೆಗೇನಾಗಿದೆ?"

ಅವನು ರೇಷ್ಮೆ ಅಂಗಿಯ ಮೇಲಿದ್ದ ನನ್ನ ಕೈ ನೋಡಿದ. ಉಗುರಿನ ಸಂದಿಯಲ್ಲಿ ಬೆಳಗಿನ ಹಿಟ್ಟು ಇನ್ನೂ ಇತ್ತು. ಆ ಕೈಯನ್ನು ಮೆಲ್ಲಗೆ ಮೂಗಿನ ಹತ್ತಿರ ಎಳೆದುಕೊಂಡ.

"ಒಣದ್ರಾಕ್ಷಿ," ಎಂದ.

*

ನಮ್ಮಪ್ಪನ ಬೆಣ್ಣೆ ಗಾಡಿಯಲ್ಲಿ ಅವನನ್ನು ಮನೆಗೆ ತಂದೆವು. ಕ್ಯಾಪ್ಟನ್ ಮಾರನೆಯ ದಿನ ಆಳನ್ನು ಕಳಿಸಿದ, ರೇಷ್ಮೆ ಅಂಗಿ ವಾಪಸು ತರಲು. ರಕ್ತ ತೊಳೆಯದೆ ಕೊಟ್ಟು ಕಳಿಸಿದೆ.

ಉಸಿರು ಸರಾಗವಾದ ಮೇಲೆ, ಬಿಸಿ ಹಾಲಿನಲ್ಲಿ ರೊಟ್ಟಿ ನೆನೆಸಿ ಚಮಚದಲ್ಲಿ ಕೊಟ್ಟೆ. ಬಾಯಲ್ಲಿಟ್ಟುಕೊಂಡು ಸುಮ್ಮನೆ ಕೂತ. ನುಂಗುವುದನ್ನೇ ಮರೆತವನ ಹಾಗೆ. ಕಣ್ಣಿಂದ ನೀರು ಇಳಿದು ತುಟಿಗೆ ಬಂತು. ಕಡೆಗೂ ನುಂಗಿದ.

"ಉಪ್ಪು ಜಾಸ್ತಿ," ಎಂದ.

"ಅದು ನಿನ್ನ ಕಣ್ಣಿಂದು. ನನ್ನ ರೊಟ್ಟಿಗೆ ಹೆಸರಿಡಬೇಡ."

"ಈಗ ಕೇಳಬಹುದಾ?"

"ತಟ್ಟೆ ಖಾಲಿ ಮಾಡು ಮೊದಲು."

ಮಾಡಿದ. ಕೇಳಿದ. ಚಮಚ ಕೈಯಲ್ಲಿ ಹಿಡಿದುಕೊಂಡೇ ಹೂಂ ಅಂದೆ.

ಮತ್ತೆ ಅವನು ಕುದುರೆ ಹತ್ತಲಿಲ್ಲ. ಹಿಟ್ಟು ಕಲಸುವುದು ಕಲಿತ, ಕೆಟ್ಟದಾಗಿ. ತಿನ್ನುವುದು ಕಲಿತ, ಬಹಳ ಚೆನ್ನಾಗಿ. ಕೆನ್ನೆ ಬಂತು, ಹೊಟ್ಟೆ ಬಂತು, ಎರಡನೆಯ ಗಲ್ಲವೂ ಬಂತು. ಹಬ್ಬದ ದಿನ ನಮ್ಮಪ್ಪನ ತಕ್ಕಡಿಯ ಕುರ್ಚಿಯಲ್ಲಿ ತಾನೇ ಕೂತು, "ಕಲ್ಲು ಹಾಕು ಆ್ಯಬಿ, ಇನ್ನೂ ಹಾಕು," ಎನ್ನುತ್ತಿದ್ದ. ಕಲ್ಲು ಸಾಲದೆ ಬಂದಾಗ ನನ್ನನ್ನು ಆ ಕಡೆ ಕೂರಿಸಿ, ನಡುವಿನ ಕೋಲಿನ ಆಚೆಯಿಂದ ನೋಡುತ್ತ ಕೂತಿರುತ್ತಿದ್ದ. ಹೊಸ್ತಿಲ ಮೇಲಿನ ಅದೇ ಕಣ್ಣು. ಸುತ್ತ ಮಾಂಸ ತುಂಬಿತ್ತು ಅಷ್ಟೇ.

ಈಗ ಅಂಗಡಿಗಳ ಗೋಡೆಯಲ್ಲಿ ಅವನ ಚಿತ್ರ ತೂಗುಹಾಕಿದ್ದಾರೆ. ಡಚೆಸ್ ಮೇಲೆ, ಕಡ್ಡಿಯ ಹಾಗೆ. ಎಂಥ ಜಾಕಿ, ಮೈಯಲ್ಲಿ ಒಂದು ಚೂರು ಕೊಬ್ಬಿಲ್ಲ ಎಂದು ಹೊಗಳುತ್ತಾರೆ. ಅವತ್ತು ಕೈಕಟ್ಟಿ ನಿಂತವರ ಮಕ್ಕಳೇ ಇವರು.

ಕಳೆದ ಚಳಿಗಾಲದಲ್ಲಿ ಅವನು ಹೋದ, ಊಟ ಮಾಡಿ ಮಲಗಿದವನು. ನಮ್ಮಲ್ಲಿ ಶವಪೆಟ್ಟಿಗೆಯನ್ನು ಹೆಗಲ ಮೇಲೆ ಚರ್ಚಿನವರೆಗೆ ಒಯ್ಯುತ್ತಾರೆ. ಗುಡ್ಡದ ದಾರಿಯಲ್ಲಿ ಹೊತ್ತವರು ನಿಂತು ನಿಂತು ಹೆಗಲು ಬದಲಾಯಿಸಿದರು.

"ಜಾಕಿ ಅಂದ್ರಲ್ಲ ಮಾರಾಯ, ಏನು ಭಾರ ಇವನು," ಎಂದು ಮುಂದಿನವನು ಹಿಂದಿನವನಿಗೆ ಹೇಳಿದ್ದು ಕೇಳಿಸಿತು.

ಹೊರಲಿ ಎಂದುಕೊಂಡೆ. ಅಷ್ಟೂ ನಾನು ಹಾಕಿದ್ದು.