ಗುಲಾಬಿಯ ಮೀನು ಕೊಂದವರು ಯಾರು?

ಹಗ್ಗ ಜಗ್ಗಿದ ಗುಲಾಬಿಯ ಕೈ ಅಲ್ಲೇ ನಿಂತಿತು. ಉಪ್ಪುಂದದ ಹೊಳೆಯಲ್ಲಿ ಪಂಜರ ಕಟ್ಟಿ ಮಕ್ಕಳಂತೆ ಸಾಕಿದ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಹೊಳೆಯ ಮೇಲ್ಬದಿಗೆ, ನೀರು ಹರಿದು ಬರುವ ಕಡೆ ಇದ್ದ ಇನ್ನೊಂದು ಪಂಜರದಲ್ಲಿ ಮಾತ್ರ ಜೀವವಿತ್ತು. ಇವತ್ತು ಕೊಲೆಗಾರ ಸಿಗದಿದ್ದರೆ ನಾಳೆ ಅದೂ ಹೋದಂತೆಯೇ.

ಡಿಸೆಂಬರಿನ ಬೆಳಗಿನ ಚಳಿಯಲ್ಲೇ ದಡದಲ್ಲಿ ಜನ ಸೇರಿದರು. ಅದಕ್ಕೂ ಮೇಲೆ ಹೊಳೆಯ ದಡದಲ್ಲಿ ಮೀನೆಣ್ಣೆ ಕಾರ್ಖಾನೆ ಇರುವಾಗ ಬೇರೆ ಕೊಲೆಗಾರನನ್ನು ಹುಡುಕುವುದುಂಟೇ? "ನಡೀರಿ, ಗೇಟ್ ಮುಚ್ಚುವ" ಎಂದು ನೆರೆಮನೆಯ ಅಣ್ಣಯ್ಯ ಪಂಚೆ ಎತ್ತಿ ಕಟ್ಟಿದ. ಎಲ್ಲರಿಗಿಂತ ಜೋರಾಗಿ ಅತ್ತವಳು ಗುಲಾಬಿಯ ನಾದಿನಿ ರಾಜೀವಿ. ಸತ್ತ ಮೀನಿನ ಪಂಜರಕ್ಕೆ ತಾಗಿದ ದಡದಲ್ಲೇ ಅವಳ ಪುಟ್ಟ ಘಟಕ. ಕಾಯಿಹಾಲಿನಿಂದ ಎಣ್ಣೆ ತೆಗೆಯುತ್ತಾಳೆ.

"ಹ್ವಾಯ್, ಸ್ವಲ್ಪ ನಿಲ್ಲಿ." ಪಕ್ಕದ ಮನೆಯ ರತ್ನ, ಪೊಲೀಸ್ ಕೆಲಸದಿಂದ ನಿವೃತ್ತಳಾದವಳು, ಪಂಜರದ ಹಗ್ಗ ಸವರಿದಳು. "ಗುಲಾಬಿ, ಈ ಬಿಳಿ ಬಿಳಿ ಎಂತದೆ?"

"ಮೀನಿನ್ ಕೊಬ್ಬು ಇರ್ಕ್."

"ಮೇಲಿನ ಪಂಜರದಲ್ಲಿ ಇತ್ತಾ?"

"ಇಲ್ಯೆ."

ರತ್ನ ಬಿಳಿಯನ್ನು ಅಂಗೈಯಲ್ಲಿಟ್ಟು ಮುಷ್ಟಿ ಹಿಡಿದಳು. ಬಿಡಿಸಿದಾಗ ಬಿಳಿ ಇಲ್ಲ — ಬರೀ ಎಣ್ಣೆ.

"ಕೇಣಿ. ಕಾರ್ಖಾನೆ ನೀರಾದ್ರೆ ಮೇಲಿನ ಪಂಜರ ಮೊದ್ಲ್ ಸಾಯ್ಕಿತ್ತ್. ಮತ್ತೆ, ಈ ಚಳಿಗೆಲ್ಲ ಮೀನೆಣ್ಣೆ ಗಟ್ಟಿಯಾತಿಲ್ಲ. ಗಟ್ಟಿಯಾಪ್ದ್ ನಾವ್ ದಿನಾ ತಲೆಗೆ ಹಚ್ಕಂಬ್ದೇ." ರತ್ನ ತಿರುಗಿದಳು. "ರಾಜೀವಿ, ಎಣ್ಣೆ ತೆಗ್ದ್ ಉಳಿದ ನೀರ್ ಎಲ್ಲಿ ಚೆಲ್ಲೂದ್?"

ರಾಜೀವಿಯ ಮುಖ ಬಾಡಿತು. "ನಿನ್ನೆ ಡ್ರಮ್ಮುಗಟ್ಲೆ ಇತ್ತ್... ಅತ್ತಿಗೆಯ ಮೀನಿಗೆ ಅಂತ ಪಂಜರಕ್ಕೇ ಹೊಯ್ದೆ. ಕಾಯಿ ನೀರಲ್ದಾ? ದೇವ್ರಿಗೂ ಆತ್ತ್, ಜ್ವರ ಬಂದವ್ರಿಗೂ ಆತ್ತ್. ಮೀನ್ ಕೊಬ್ಬಲಿ ಅಂದ್ಕಂಡೆ."

"ವಿಷ ಅಲ್ಲ ಮಾರಾಯ್ತಿ" ಎಂದಳು ರತ್ನ. " ಹೊಳೆಯಲ್ಲಿ ಹಳಸ್ತಾ ಹಳಸ್ತಾ ನೀರಿನ ಗಾಳಿಯೆಲ್ಲ ಅದೇ ಎಳ್ಕಂತ್. ಮೀನಿಗೆ ಉಸಿರಿಲ್ದೆ ಹೋಯ್ತ್."

ಅಣ್ಣಯ್ಯ ಮೆಲ್ಲಗೆ ಪಂಚೆ ಇಳಿಸಿದ. "ಇನ್ ಎಣ್ಣೆ ಮಾಡೂದೇ ಬ್ಯಾಡ" ಎಂದು ರಾಜೀವಿ ಮತ್ತೆ ಅಳತೊಡಗಿದಳು.

ಗುಲಾಬಿಗೆ ಎರಡು ಬಾರಿಸುವಷ್ಟು ಸಿಟ್ಟು ಬಂದಿತ್ತು. ಆದರೆ ತನ್ನ ಮೀನಿಗೆ ಉಪಚಾರ ಮಾಡಲು ಹೋದ ಈ ಪೆದ್ದಿಯ ಮೇಲೆ ಅದಕ್ಕಿಂತ ಹೆಚ್ಚು ಪ್ರೀತಿಯೇ ಉಕ್ಕಿತು. "ಬಾಯ್ಮುಚ್ಚ್. ಆ ನೀರಿಗೆ ಹಿತ್ಲಲ್ಲಿ ಹೊಂಡ ತೋಡುವ, ನಾನೂ ಬತ್ತೆ. ಉಳಿದ ಮೀನ್ ದೊಡ್ಡಾದ್ರೆ ಮೊದಲ ಊಟ ನಿಂಗೇ."

ರಾಜೀವಿ ಕಣ್ಣೊರೆಸಿಕೊಂಡಳು.

"ಶಿಕ್ಷೆ ಇತ್ತ್ ಮತ್ತೆ" ಎಂದಳು ಗುಲಾಬಿ. "ಸಾರಿಗೆ ಒಂದ್ ಚೂರೂ ಕಾಯಿ ಹಾಕೂದಿಲ್ಲ."