ಅಕ್ಕನ ಹಗ್ಗ

ಅಕ್ಕ ತೀರಿಕೊಂಡ ಮೇಲೆ ಅವಳ ಗಂಡನಿಗೇ ನನ್ನನ್ನು ಕೊಟ್ಟರು. ಹೆಮ್ಮಿಗೆಯ ಹೊಳೆದಂಡೆಯಲ್ಲಿದ್ದ ಪಂಪಿನ ಎಂಜಿನ್ ಮಾತ್ರ ನನಗೆ ಒಗ್ಗಲಿಲ್ಲ. ಹಗ್ಗ ಎಳೆದೆಳೆದು ನಾನು ಸೋತಾಗೆಲ್ಲ ಇವರು ನಗುತ್ತಿದ್ದರು: "ನಿಮ್ಮಕ್ಕ ಒಂದೇ ಏಟ್ಗೆ ಸ್ಟಾರ್ಟ್ ಮಾಡೋಳು ಕಣೇ." ನನ್ನನ್ನು ಚಿಕ್ಕವ್ವ ಎನ್ನುವ ಅಕ್ಕನ ಮಗಳು ಕವನಳೂ ನಗುತ್ತಿದ್ದಳು.

ಹೊಟ್ಟೆಯುರಿ ತಡೆಯದೆ ನರಸೀಪುರದ ಮೆಕ್ಯಾನಿಕ್ಕನಿಂದ ಸೆಲ್ಫ್ ಸ್ಟಾರ್ಟ್ ಹಾಕಿಸಿದೆ. ಹಗ್ಗವನ್ನು ನೀರೊಲೆಗೆ ಹಾಕಿ ಸುಟ್ಟೆ.

ಮರುದಿನ, ಚಾರ್ಜಿಗೆ ಕೊಟ್ಟಿದ್ದ ಬ್ಯಾಟರಿ ಹೊತ್ತು ಹೊಳೆಗೆ ಹೋದರೆ ಎಂಜಿನ್ ಆಗಲೇ ಓಡುತ್ತಿತ್ತು. ಪಕ್ಕದಲ್ಲಿ ಕವನ ಒಬ್ಬಳೇ ಕೂತಿದ್ದಳು. ಬೆಳಿಗ್ಗೆ ನಾನು ಹಾಕಿದ್ದ ಎರಡು ಜಡೆ ಬಿಚ್ಚಿ, ಒಂದೇ ಜಡೆ ಬಿಗಿಯಾಗಿ ಹೆಣೆದಿತ್ತು. ಅದರಲ್ಲಿ ಸುಟ್ಟ ಹಗ್ಗದ ವಾಸನೆ.

"ಯಾರು ಮಗ ಸ್ಟಾರ್ಟ್ ಮಾಡ್ದೋರು?"

"ಅವ್ವ."

ಬ್ಯಾಟರಿ ಇನ್ನೂ ನನ್ನ ಸೊಂಟದ ಮೇಲೇ ಇತ್ತು.